ಕಥೆ ಗೊತ್ತಿದ್ದೂ ನೋಡುವುದು

ಗದಾಯುದ್ಧ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುತ್ತದೆ ಎನ್ನುವುದು ಗೊತ್ತಿಲ್ಲದ ಪ್ರೇಕ್ಷಕ ಕರಾವಳಿಯ ಯಾವ ಬಯಲಾಟಕ್ಕೂ ಬಂದಿರಲಿಕ್ಕಿಲ್ಲ. ಆದರೂ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇದೆ ಎಂದರೆ ತಾಳಮದ್ದಳೆಗೆ ದೂರದೂರಿನಿಂದ ಬರುತ್ತಿದ್ದವರಿಗೆ ವಾಲಿ ಉಳಿಯುತ್ತಾನೋ ಸಾಯುತ್ತಾನೋ ಎಂಬ ಕುತೂಹಲ ಇರಲಿಲ್ಲ. ಸಾಯುವ ಮುಂಚೆ ರಾಮನನ್ನು ಅವನು ಏನೇನು ಕೇಳುತ್ತಾನೆ, ಇವತ್ತು ಹೇಗೆ ಕೇಳುತ್ತಾನೆ ಎನ್ನುವುದು ಬೇಕಿತ್ತು. ಗಮಕಿಗಳ ಕುಮಾರವ್ಯಾಸವೂ ಅಷ್ಟೇ, ಹರಿಕಥೆಯೂ ಅಷ್ಟೇ. ಕಥೆ ಮೊದಲೇ ಗೊತ್ತಿರುವುದು ನಮ್ಮಲ್ಲಿ ರಸಕ್ಕೆ ಎಂದೂ ಅಡ್ಡ ಬಂದಿರಲಿಲ್ಲ.

ಟೀವಿ ಧಾರಾವಾಹಿಯ ದಾರಿ ಬೇರೆ. ‘ಮುಂದೇನು’ ಎಂಬ ಪ್ರಶ್ನೆಯನ್ನು ಪ್ರೇಕ್ಷಕರ ಕೈಗಿಟ್ಟು ಅದು ಇವತ್ತಿನ ಕಂತನ್ನು ಮುಗಿಸುತ್ತದೆ, ಉತ್ತರ ಬೇಕಾದವರು ನಾಳೆ ಬರಬೇಕು. ಉತ್ತರ ಸಿಕ್ಕಿದ ಮೇಲೆ ಆ ಕಂತಿಗೆ ಇನ್ನೇನೂ ಕೆಲಸವಿಲ್ಲ. ಹಾಗಿದ್ದೂ ಕೆಲವು ಧಾರಾವಾಹಿಗಳು ಮೂವತ್ತು ನಲವತ್ತು ವರ್ಷದ ಮೇಲೂ ನಮ್ಮನ್ನು ಹಿಡಿದು ಕೂರಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಬುಡದಿಂದ ಬಂದವು. 1984ರಿಂದ ಸುಮಾರು ಎರಡು ದಶಕ ದೂರದರ್ಶನದಲ್ಲೂ ಅದರ ಆಸುಪಾಸಿನಲ್ಲೂ ಬೆಳೆದ ಈ ಬಗೆಗೆ ಯಾರೂ ಪಂಥವೆಂದು ಹೆಸರಿಟ್ಟಿಲ್ಲ. ಇಡಬಹುದಿತ್ತು. ಅಚ್ಚಾದ ಕಾದಂಬರಿಯನ್ನೋ ಕಥೆಯನ್ನೋ ಎತ್ತಿಕೊಳ್ಳುವುದು, ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದ ನಟರನ್ನು ಕರೆತರುವುದು, ಹೊಸ ಅಲೆಯ ಸಿನಿಮಾ ಮಾಡಿದವರ ಕೈಗೆ ಕ್ಯಾಮೆರಾ ಕೊಡುವುದು ಈ ಮೂರೂ ಇಲ್ಲಿ ಪದೇಪದೇ ಕೂಡಿ ಬರುತ್ತವೆ. ಹಳೆಯದೆಲ್ಲ ಚಿನ್ನ ಎನ್ನುವ ಮಾತಿಗೆ ನನ್ನ ಒಪ್ಪಿಗೆಯಿಲ್ಲ, ಈ ಪರಂಪರೆಯಲ್ಲೂ ಎರಡನೇ ನೋಟಕ್ಕೆ ಸೋತವು ಬೇಕಾದಷ್ಟಿವೆ. ಆದರೆ ಗೆದ್ದವು ಯಾಕೆ ಗೆದ್ದವು ಎಂದು ಕೇಳಿಕೊಂಡರೆ ಉತ್ತರ ಬಯಲಾಟದ ಕಡೆಗೇ ತಿರುಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಒಂದನ್ನು ಮೊದಲೇ ಪಕ್ಕಕ್ಕಿಡಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಶುರುವಾದ ಕೂಡಲೇ ದೂರದರ್ಶನ ರಮಾನಂದ ಸಾಗರರ ‘ರಾಮಾಯಣ’ವನ್ನು ಮತ್ತೆ ಹಾಕಿತು, ದೇಶವೇ ಕೂತು ನೋಡಿತು. ಅದು ಭಕ್ತಿ, ಅದು ಬಾಲ್ಯ. ಜೊತೆಗೆ ಮನೆಯಿಂದ ಹೊರಗೆ ಕಾಲಿಡಲಾಗದ ಸ್ಥಿತಿ. ಕಲಾಕೃತಿಯಾಗಿ ಅದನ್ನು ಇನ್ನೊಮ್ಮೆ ನೋಡಿದವರು ಎಷ್ಟು ಮಂದಿ? ಬಾಣಕ್ಕೆ ಬಾಣ ಗಾಳಿಯಲ್ಲಿ ಡಿಕ್ಕಿ ಹೊಡೆಯುವಾಗ ನಮ್ಮ ಮಕ್ಕಳು ನಕ್ಕರು, ನಾವು ಅವರನ್ನು ಗದರಿಸಿದೆವು. ಅಲ್ಲಿಗೆ ಆ ವಿಷಯ ಬಿಡೋಣ.

‘ಹಮ್ ಲೋಗ್’ ಕಥೆ ಇನ್ನೂ ಸ್ವಾರಸ್ಯದ್ದು. 1984ರ ಜುಲೈಯಲ್ಲಿ ಶುರುವಾಗಿ 1985ರ ಡಿಸೆಂಬರ್‌ವರೆಗೆ ನಡೆದ, ಭಾರತದಲ್ಲಿ ದೀರ್ಘ ಧಾರಾವಾಹಿ ಎನ್ನುವುದನ್ನೇ ಹುಟ್ಟುಹಾಕಿದ ಕೃತಿ ಅದು. ಮೂಲ ಪ್ರೇರಣೆ ಮೆಕ್ಸಿಕೋದ್ದು. ಕುಟುಂಬಯೋಜನೆ, ಸಾಕ್ಷರತೆಗಳನ್ನು ಕಣ್ಣೀರಿನ ಕಥೆಯೊಳಗೆ ಬೆರೆಸಿ ಕೊಡುವ ವಿಧಾನವನ್ನು ಅಲ್ಲಿ ಮಿಗೆಲ್ ಸಬಿದೊ ರೂಪಿಸಿದ್ದರು. ಇಲ್ಲಿ ಮನೋಹರ ಶ್ಯಾಮ ಜೋಶಿ ಬರೆದರು, ಮ್ಯಾಗಿ ನೂಡಲ್ಸ್ ಪ್ರಾಯೋಜಿಸಿತು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಈ ದಿನದ ಪಾಠವೇನು ಎಂದು ಹೇಳಿ ಹೋಗುತ್ತಿದ್ದರು. ಜೋಶಿ ದೊಡ್ಡ ಲೇಖಕರು. ಕುಡುಕ ಬಸೇಸರ್ ರಾಮನ ಮಾತಿನಲ್ಲಿ ಈಗಲೂ ಬೀದಿಯ ಜೀವ ಇದೆ. ಆದರೆ ಎರಡನೇ ಸಲ ನೋಡುವಾಗ ಅಶೋಕ್ ಕುಮಾರ್ ಬರುವುದು ನಮಗೆ ಮೊದಲೇ ಗೊತ್ತಿರುತ್ತದಲ್ಲ, ಇಡೀ ಕಂತು ಅವರ ಮಾತಿನ ಕಡೆಗೆ ಇಳಿಜಾರಿನಲ್ಲಿ ಉರುಳುವುದು ಕಾಣಿಸಿಬಿಡುತ್ತದೆ. ಮನೆಯ ಹಿರಿಮಗಳು ಬಡಕಿ ಹೀಗೇಕೆ ಮಾಡಿದಳು ಎಂದರೆ ಪಾಠಕ್ಕೆ ಬೇಕಾಗಿತ್ತು, ಮಾಡಿದಳು. ಪಾಠ ಕಲಿತಾದ ಮೇಲೆ ಪಠ್ಯಪುಸ್ತಕ ತೆರೆಯುವವರು ಕಡಿಮೆ.

ಆದರೆ ‘ಹಮ್ ಲೋಗ್’ ಒಂದು ಬಾಗಿಲು ತೆರೆಯಿತು. ಪ್ರಾಯೋಜಕರು ಸಿಗುತ್ತಾರೆ, ಜನ ನೋಡುತ್ತಾರೆ ಎಂದು ದೂರದರ್ಶನಕ್ಕೆ ಮನವರಿಕೆಯಾಯಿತು. ಅದೇ ಹೊತ್ತಿಗೆ ಹೊಸ ಅಲೆಯ ಸಿನಿಮಾ ಬಿಡುಗಡೆಗೆ ಥಿಯೇಟರ್ ಸಿಗದೆ ಏದುಸಿರು ಬಿಡುತ್ತಿತ್ತು. ಬೆನಗಲ್, ನಿಹಲಾನಿ, ಸಯೀದ್ ಮಿರ್ಜಾ, ಕುಂದನ್ ಷಾ, ಬಾಸು ಚಟರ್ಜಿ ಎಲ್ಲರೂ ಚಿಕ್ಕ ಪರದೆಯತ್ತ ಬಂದರು. ಮಂಜೂರಾತಿ ಸಾಮಾನ್ಯವಾಗಿ 13 ಕಂತುಗಳ ಲೆಕ್ಕದಲ್ಲಿ, ವಾರಕ್ಕೊಂದು ಕಂತು. ದೂರದರ್ಶನದ ಕೇಂದ್ರ ಕಚೇರಿಯಾದ ಮಂಡಿಹೌಸ್‌ನ ಬಾಗಿಲಲ್ಲಿ ಕಥಾಸಾರಾಂಶ ಹಿಡಿದು ಅಲೆದಾಡುವುದು, ಅಧಿಕಾರಿಗಳ ಮರ್ಜಿ ಕಾಯುವುದು ಇದ್ದೇ ಇತ್ತು. ಅದನ್ನು ಸುವರ್ಣಯುಗ ಎಂದು ಕರೆಯುವವರು ಆ ಕಾರಿಡಾರುಗಳನ್ನು ಮರೆತಿರುತ್ತಾರೆ. ಆದರೂ 13 ಎಂಬ ಆ ಸರ್ಕಾರಿ ಅಂಕಿಯಿಂದ ಒಂದು ಉಪಕಾರವಾಯಿತು. ಕೊನೆ ಯಾವುದೆಂದು ಗೊತ್ತಿಟ್ಟುಕೊಂಡು ಕೆಲಸ ಶುರುಮಾಡುವ ಅವಕಾಶ ಬರೆಯುವವನಿಗೆ ಸಿಕ್ಕಿತು. ಕೊನೆ ಗೊತ್ತಿಲ್ಲದೆ ಬರೆದದ್ದನ್ನು ಎರಡನೇ ಸಲ ನೋಡಿದರೆ ಬರಹಗಾರನ ತಡಕಾಟ ಕಾಣುತ್ತದೆ. ಕೊನೆ ಗೊತ್ತಿದ್ದು ಬರೆದದ್ದರಲ್ಲಿ, ಮೊದಲ ಸಲ ನಮ್ಮ ಕಣ್ಣಿಗೆ ಬೀಳದ ಸಿದ್ಧತೆಗಳು ಒಂದೊಂದಾಗಿ ಎದ್ದು ಬರುತ್ತವೆ.

ಇದಕ್ಕೆ ಆರ್.ಕೆ. ನಾರಾಯಣರ ಕಥೆಗಳಿಂದ ಶಂಕರನಾಗ್ ಮಾಡಿದ ‘ಮಾಲ್ಗುಡಿ ಡೇಸ್’ಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. 1986ರಲ್ಲಿ ರಾಷ್ಟ್ರೀಯ ಜಾಲದಲ್ಲಿ ಬಂದ ಇದರ ಹಿಂದಿ ಮಾತುಗಳನ್ನು ಪಕ್ಕಕ್ಕಿಟ್ಟರೆ ಉಳಿಯುವುದೆಲ್ಲ ಕನ್ನಡ ರಂಗಭೂಮಿ ಮತ್ತು ಕನ್ನಡ ಸಿನಿಮಾ. ನಿರ್ಮಾಪಕ ಟಿ.ಎಸ್. ನರಸಿಂಹನ್, ಕಲಾ ನಿರ್ದೇಶಕ ಜಾನ್ ದೇವರಾಜ್, ‘ಘಟಶ್ರಾದ್ಧ’ಕ್ಕೆ ಕ್ಯಾಮೆರಾ ಹಿಡಿದಿದ್ದ ಎಸ್. ರಾಮಚಂದ್ರ. ಪರದೆಯ ಮೇಲೆ ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಅನಂತನಾಗ್, ರಮೇಶ ಭಟ್. ಚಿತ್ರೀಕರಣ ಆಗುಂಬೆಯಲ್ಲಿ. ಕಥೆಯ ಹುಡುಗ ಸ್ವಾಮಿಯ ಮನೆ ಅಲ್ಲಿನ ದೊಡ್ಡಮನೆ. ರೈಲ್ವೆ ಸ್ಟೇಷನ್ನು ಶಿವಮೊಗ್ಗ ಜಿಲ್ಲೆಯ ಅರಸಾಳು, ಈಗ ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯ. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಕೇಳಿದರೆ ಇವತ್ತಿಗೂ ಆರ್.ಕೆ. ಲಕ್ಷ್ಮಣರ ಗೆರೆಗಳು ಕಣ್ಣ ಮುಂದೆ ಬರುತ್ತವೆ.

‘ತಪ್ಪಿಹೋದ ಕಾಗದ’ದ ಕಥೆಯನ್ನು ತೆಗೆದುಕೊಳ್ಳಿ. ಪೋಸ್ಟ್‌ಮ್ಯಾನ್ ತಾನಪ್ಪ ಬೀದಿಯ ಪ್ರತಿ ಮನೆಯ ಸುಖದುಃಖ ಬಲ್ಲವನು. ಕಾಗದ ಕೊಟ್ಟು ಸುಮ್ಮನೆ ಹೋಗುವವನಲ್ಲ, ಜಗಲಿಯಲ್ಲಿ ನಿಂತು ಸಮಾಚಾರ ಕೇಳಿ, ಬೇಡವೆಂದರೂ ಸಲಹೆ ಕೊಟ್ಟು ಮುಂದೆ ಹೋಗುವವನು. ರಾಮಾನುಜಂ ಅವರ ಮಗಳ ಮದುವೆಗೆ ಗಂಡು ಗೊತ್ತಾಗಿದೆ. ಆ ಮುಹೂರ್ತ ತಪ್ಪಿದರೆ ಸಂಬಂಧವೇ ಕೈತಪ್ಪುವ ಹಾಗಿದೆ. ಮದುವೆ ಸುಸೂತ್ರವಾಗಿ ಮುಗಿಯುತ್ತದೆ. ಆಮೇಲೆ ತಾನಪ್ಪ ಒಂದು ಕಾಗದ ತಂದು ಕೊಡುತ್ತಾನೆ: ಹತ್ತಿರದ ಬಂಧುವಿನ ಸಾವಿನ ಸುದ್ದಿ. ಮದುವೆ ಮುಗಿಯುವ ಮುಂಚೆಯೇ ಬಂದದ್ದು, ಅವನೇ ತಡೆಹಿಡಿದದ್ದು. ಮೊದಲ ಸಲ ನೋಡಿದಾಗ ಇದೊಂದು ತಿರುವು. ಓಹೋ ಎಂದುಕೊಳ್ಳುತ್ತೇವೆ, ಪೋಸ್ಟ್‌ಮ್ಯಾನ್ ಒಳ್ಳೆಯವನು ಎಂದುಕೊಳ್ಳುತ್ತೇವೆ. ಎರಡನೇ ಸಲ ಇದು ಬೇರೆಯದೇ ಕಥೆ. ಮದುವೆಮನೆಯ ಸಡಗರವೆಲ್ಲ ಈಗ ತಾನಪ್ಪನ ಚೀಲದೊಳಗಿನ ಆ ಕಾಗದದ ಪಕ್ಕದಲ್ಲಿ ನಡೆಯುತ್ತದೆ. ಅವನ ಕೆಲಸದ ಧರ್ಮ ಒಂದೇ, ಬಂದ ಕಾಗದವನ್ನು ಬಂದ ದಿನ ಮುಟ್ಟಿಸುವುದು. ಅದನ್ನು ಅವನು ಮುರಿದಿದ್ದಾನೆ. ಸೂತಕದ ಮನೆಯಲ್ಲಿ ಮಂಗಳಕಾರ್ಯ ಮಾಡಿಸಿದ್ದಾನೆ. ನೌಕರಿ ಹೋಗಬಹುದು. ಇದೆಲ್ಲ ಗೊತ್ತಿದ್ದು ನಗುತ್ತ ನಿಂತಿರುವ ಮನುಷ್ಯನನ್ನು ನೋಡುವುದಕ್ಕೆ ಕಥೆ ಗೊತ್ತಿರಲೇಬೇಕು. ಮೊದಲ ನೋಟಕ್ಕೆ ಆ ಭಾಗ್ಯ ಇಲ್ಲ.

ಇನ್ನು ಸ್ವಾಮಿ. ರಜೆಯ ದಿನ ಅಪ್ಪ ಒಂದು ಲೆಕ್ಕ ಕೊಡುತ್ತಾರೆ: ರಾಮನ ಹತ್ತಿರ 10 ಮಾವಿನಹಣ್ಣಿವೆ, 15 ಆಣೆಗೆ ಮಾರಬೇಕು. ಕೃಷ್ಣನಿಗೆ 4 ಹಣ್ಣು ಬೇಕು, ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕಕ್ಕಿಂತ ಮಾವು ದೊಡ್ಡದು. ಅವು ಕಾಯೋ ಹಣ್ಣೋ ಎನ್ನುವುದು ತಿಳಿಯದೆ ಬೆಲೆ ಹೇಗೆ ಕಟ್ಟುವುದು? ಅಪ್ಪನನ್ನೇ ಕೇಳುತ್ತಾನೆ. ಈ ಜಾಗದಲ್ಲಿ ಗಿರೀಶ ಕಾರ್ನಾಡರನ್ನು ನೋಡಬೇಕು. ಸಿಟ್ಟು ಬರುತ್ತಿದೆ, ಅದರ ಹಿಂದೆಯೇ ನಗುವೂ ಬರುತ್ತಿದೆ, ಎರಡನ್ನೂ ತೋರಗೊಡದೆ ಹುಬ್ಬು ಗಂಟಿಕ್ಕಿ ಕೂತಿರಬೇಕಾದ ತಂದೆ ಅವರು. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ವಯಸ್ಸಿನಲ್ಲಿ ಇದನ್ನು ನೋಡಿದ್ದ ನಾವು ಆ ಅಪ್ಪನಿಗೆ ಹೆದರಿದ್ದೆವು. ಕಾರ್ನಾಡರಿಗೆ ಆಗ 48ರ ಆಸುಪಾಸು. ನಮ್ಮಲ್ಲಿ ಹಲವರು ಈಗ ಅದನ್ನು ಮುಟ್ಟಿದ್ದೇವೆ. ಲೆಕ್ಕ ಹೇಳಿಕೊಡಲು ಕೂತು ಮಗನ ತಲೆಯೊಳಗೆ ಏನು ಓಡುತ್ತಿದೆ ಎಂದು ಹೊಳೆಯದೆ ಕಕ್ಕಾಬಿಕ್ಕಿಯಾಗುವ ತಂದೆಯ ಪಾಡು ಈಗ ನಮ್ಮದು. ಧಾರಾವಾಹಿ ಯಾರ ಪಕ್ಷವನ್ನೂ ವಹಿಸಿರಲಿಲ್ಲವಾದ್ದರಿಂದ ಪಕ್ಷ ಬದಲಾಯಿಸಲು ನಮಗೆ ಎಡೆ ಸಿಕ್ಕಿತು. ‘ಹಮ್ ಲೋಗ್’ ಕೊಡದಿದ್ದದ್ದು ಇದೇ ಎಡೆ.

ಹೊಗಳಿಕೆ ಇಷ್ಟಕ್ಕೆ ನಿಲ್ಲಿಸಿ ಕೆಲವು ತಕರಾರು ಹೇಳಬೇಕು. ಆಗುಂಬೆ ಮಾಲ್ಗುಡಿಯಲ್ಲ. ನಾರಾಯಣರ ಊರು ಬಿಸಿಲಿನ ಬಯಲುಸೀಮೆಯ ಊರು. ಸರಯೂ ನದಿ ಬೇಸಿಗೆಯಲ್ಲಿ ಮರಳಾಗುವ ಊರು. ಮುನಿಸಿಪಾಲಿಟಿ, ಕೋರ್ಟು, ಸಾಲಗಾರರು ತುಂಬಿದ ಸಣ್ಣ ಪೇಟೆ. ಮಳೆಕಾಡಿನ ಹಸಿರಿನ ಮುಂದೆ ಆ ಪೇಟೆಯ ಸಣ್ಣತನಗಳೂ ಚೆಂದವಾಗಿ ಕಾಣತೊಡಗುತ್ತವೆ. ನಾರಾಯಣರ ಬರಹದಲ್ಲಿ ಇರುವ ಒಣ ಚುಚ್ಚು ಶಂಕರನಾಗ್ ಕೈಯಲ್ಲಿ ಎಷ್ಟೋ ಕಡೆ ಸಿಹಿಯಾಗಿದೆ. ಅಗ್ರಹಾರದ ಜಗಲಿಯಿಂದ ಆಚೆಗಿನ ಮಾಲ್ಗುಡಿ ಹೆಚ್ಚು ಕಾಣುವುದಿಲ್ಲ. ಆ ಕೊರತೆ ಮೂಲದ್ದೂ ಹೌದು ಎನ್ನಿ. ಲಾಟರಿಯಲ್ಲಿ ರಸ್ತೆ ಉರುಳೆಯ ಎಂಜಿನ್ ಗೆದ್ದು ಅದನ್ನು ಎಲ್ಲಿಡುವುದೆಂದು ಪೇಚಾಡುವವನ ಕಥೆಯಂಥ ಕಂತುಗಳಲ್ಲಿ ಮಾತ್ರ ನಾರಾಯಣರ ತುಂಟತನ ಪೂರ್ತಿ ಉಳಿದಿದೆ. ಭಾಷೆಯ ವಿಷಯವೂ ಇದೆ. ಮಲೆನಾಡಿನ ಮನೆಯಲ್ಲಿ, ಕನ್ನಡ ನಟರ ಬಾಯಲ್ಲಿ ಹಿಂದಿ. ಅದನ್ನು ಕನ್ನಡದಲ್ಲಿ ಕೇಳಲು ನಾವು ಡಬ್ಬಿಂಗಿಗಾಗಿ 2020ರವರೆಗೆ ಕಾಯಬೇಕಾಯಿತು. ಆಗಲೂ ತುಟಿಗೂ ಮಾತಿಗೂ ಹೊಂದಿಕೆಯಿಲ್ಲ. ಕವಿತಾ ಲಂಕೇಶ್ 2000ದ ದಶಕದ ನಡುವಿನಲ್ಲಿ ಮಾಡಿದ ಮುಂದುವರಿದ ಕಂತುಗಳು ಅಚ್ಚುಕಟ್ಟಾಗಿವೆ. ಆದರೆ ಅಷ್ಟರಲ್ಲಿ ಮಾಲ್ಗುಡಿ ಒಂದು ನೆನಪಾಗಿಬಿಟ್ಟಿತ್ತು, ಅವರ ಕಂತುಗಳು ಆ ನೆನಪಿನ ಜೊತೆ ಹೆಣಗಬೇಕಾಯಿತು.

ಇದೇ ಪರಂಪರೆಯ ಇನ್ನೊಂದು ತುದಿಯಲ್ಲಿ ಗೋವಿಂದ ನಿಹಲಾನಿಯವರ ‘ತಮಸ್’ ಇದೆ, ದೇಶವಿಭಜನೆಯ ಕುರಿತ ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿದ್ದು. 1988ರಲ್ಲಿ ಪ್ರಸಾರವಾದಾಗ ನಿಲ್ಲಿಸಬೇಕೆಂದು ಮೊಕದ್ದಮೆ ಹೂಡಿದರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ತಾವೇ ನೋಡಿ ಪ್ರಸಾರಕ್ಕೆ ಬಿಟ್ಟರು, ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೊದಲ ದೃಶ್ಯದಲ್ಲಿ ಓಂ ಪುರಿಯ ನತ್ಥೂ ಒಂದು ಕತ್ತಲ ಗುಡಿಸಲಿನಲ್ಲಿ ಹಂದಿಯನ್ನು ಕೊಲ್ಲಲು ಹೆಣಗುತ್ತಾನೆ. ಅವನು ಚರ್ಮ ಹದ ಮಾಡುವವನು, ಹಂದಿ ಕೊಂದು ಅಭ್ಯಾಸವಿಲ್ಲ. ಡಾಕ್ಟರಿಗೆ ಬೇಕಂತೆ ಎಂದು ಹೇಳಿ ಕೆಲಸ ಒಪ್ಪಿಸಿದ್ದಾರೆ. ಮೊದಲ ಸಲ ನೋಡುವವರಿಗೆ ಆ ದೃಶ್ಯ ಅಸಹ್ಯ ತರಿಸುತ್ತದೆ, ಯಾಕಿಷ್ಟು ಉದ್ದ ಎಂದು ಅನ್ನಿಸುತ್ತದೆ. ಆ ಕಳೇಬರ ಬೆಳಗಾಗುವುದರೊಳಗೆ ಮಸೀದಿಯ ಮೆಟ್ಟಿಲ ಮೇಲೆ ಬೀಳಲಿದೆ, ಊರು ಹತ್ತಿ ಉರಿಯಲಿದೆ ಎಂದು ಗೊತ್ತಿದ್ದವರಿಗೆ ಆ ಉದ್ದ ಸಾಲದು. ಹಂದಿ ತಪ್ಪಿಸಿಕೊಂಡರೆ ಸಾಕಪ್ಪ ಎಂದು ಅವರು ಕುರ್ಚಿಯ ತುದಿಗೆ ಬಂದಿರುತ್ತಾರೆ. ‘ತಮಸ್’ನ ಉತ್ತರಾರ್ಧ ನನಗೆ ಅಷ್ಟು ರುಚಿಸುವುದಿಲ್ಲ. ಆದರೆ ಮನೆ ಬಿಟ್ಟು ಹೊರಟ ಹರನಾಮ ಸಿಂಗನಾಗಿ ಸ್ವತಃ ಭೀಷ್ಮ ಸಾಹನಿ, ಅವನ ಹೆಂಡತಿಯಾಗಿ ದೀನಾ ಪಾಠಕ್, ಈ ಇಬ್ಬರು ವೃದ್ಧರು ರಾತ್ರಿಯಲ್ಲಿ ನಡೆಯುವ ಭಾಗಕ್ಕಾಗಿ ಎಲ್ಲವನ್ನೂ ಕ್ಷಮಿಸಬಹುದು.

ಬೆನಗಲ್ ಅವರ ‘ಭಾರತ್ ಏಕ್ ಖೋಜ್’ನ 53 ಕಂತುಗಳ ಬಗ್ಗೆ ಒಂದು ದೂರು ಯಾವತ್ತೂ ಇದ್ದದ್ದೇ: ಅರಮನೆಗಳು ರಟ್ಟಿನವು, ಸೈನ್ಯದಲ್ಲಿ ಇಪ್ಪತ್ತು ಜನ. ನಿಜ. ಇವತ್ತಿನ ಕಂಪ್ಯೂಟರ್ ಸೈನ್ಯಗಳ ಮುಂದೆ ಅದು ಶಾಲಾ ವಾರ್ಷಿಕೋತ್ಸವ. ಆದರೆ ವಿಚಿತ್ರ ನೋಡಿ, ಹಾಗಾಗಿಯೇ ಅದು ಹಳಸಿಲ್ಲ. ಓಂ ಪುರಿ ಒಂದು ಕಡೆ ದುರ್ಯೋಧನ, ಇನ್ನೊಂದು ಕಡೆ ಅಶೋಕ, ಮತ್ತೊಂದು ಕಡೆ ಔರಂಗಜೇಬ. ಸಲೀಂ ಘೌಸ್ ರಾಮನಾದರು, ಕೃಷ್ಣನಾದರು, ಟಿಪ್ಪುವೂ ಆದರು. ಮಹಾಭಾರತದ ಕಂತುಗಳಲ್ಲಿ ತೀಜನ್ ಬಾಯಿ ತಂಬೂರಿ ಹಿಡಿದು ಪಾಂಡವಾನಿ ಹಾಡುತ್ತಾರೆ. ವೇಷ ಬದಲಿಸಿ ಬರುವ ಅದೇ ಕಲಾವಿದನನ್ನು ಒಪ್ಪಿಕೊಳ್ಳುವುದು ನಮಗೆ ಮೇಳದವರು ಕಲಿಸಿದ ಪಾಠವಲ್ಲವೇ? ಗೆದ್ದವನ ಮುಖ, ಸೋತವನ ಮುಖ ಎರಡೂ ಒಂದೇ ನಟನದ್ದಾದಾಗ ಚರಿತ್ರೆಯ ಬಗ್ಗೆ ಒಂದು ಮಾತು ಹೇಳಿದಂತಾಗುತ್ತದೆ. ಅದು ಮೊದಲ ಸಲ ಬಜೆಟ್ಟಿನ ಬಡತನದಂತೆ ಕಂಡರೆ ನೋಡುವವರ ತಪ್ಪಲ್ಲ. ನಿರೂಪಕರಾಗಿ ಬರುವ ರೋಷನ್ ಸೇಠ್ ಅವರ ನೆಹರೂ ಮಾತ್ರ ಸುಸ್ತಾಗಿಸುತ್ತಾರೆ. ಎಲ್ಲ ಕಂತಿಗೂ ಬಂದು ಭಾಷಣ ಮಾಡಲೇಬೇಕಿತ್ತೇ?

ಉಳಿದವನ್ನು ಬೇಗ ಹೇಳುತ್ತೇನೆ. ಬಾಸು ಚಟರ್ಜಿಯವರ ‘ಬ್ಯೋಮಕೇಶ್ ಬಕ್ಷಿ’ ಪತ್ತೇದಾರಿಯಾದರೂ ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಬೇಸರ ತರಿಸುವುದಿಲ್ಲ. ರಜಿತ್ ಕಪೂರ್ ಪಂಚೆ ಸರಿಮಾಡಿಕೊಂಡು ಕೂತು, ಕೆ.ಕೆ. ರೈನಾ ಅವರ ಅಜಿತನೊಂದಿಗೆ ಚಹಾ ಕುಡಿಯುವ ಕೋಣೆಗೆ ಹೋಗಿ ಬಂದರೆ ಸಾಕು ಅನ್ನಿಸುತ್ತದೆ. ‘ನುಕ್ಕಡ್’ ನೆನಪಿನಲ್ಲೇ ಚೆಂದ. ಗುಲ್ಜಾರರ ‘ಮಿರ್ಜಾ ಗಾಲಿಬ್’ ಕಣ್ಣು ಮುಚ್ಚಿ ಕೇಳಿದರೂ ನಡೆಯುತ್ತದೆ, ಜಗಜೀತ್ ಸಿಂಗ್ ಅವರಿಗೆ ನಮಸ್ಕಾರ.

ಕನ್ನಡಕ್ಕೆ ಬರೋಣ. ಬೆಂಗಳೂರು ದೂರದರ್ಶನದ ಆರಂಭದ ವರ್ಷಗಳ ಬಗ್ಗೆ ಮಾತಾಡುವಾಗ ‘ಸಿಹಿಕಹಿ’ ಹೆಸರು ಬಂದೇ ಬರುತ್ತದೆ. ಆ ಹೆಸರು ನಟ ಚಂದ್ರು ಅವರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಆದರೆ ಜನರ ಮನಸ್ಸಿನಲ್ಲಿ ಉಳಿದು ಕಾಡಿದ್ದು ಸದಾನಂದ ಸುವರ್ಣರ ‘ಗುಡ್ಡದ ಭೂತ’. ತುಳುನಾಡಿನ ಊರು, ರಾತ್ರಿ, ಗುಡ್ಡ, ಆಗಿನ್ನೂ ಹೆಸರು ಮಾಡಿರದ ಪ್ರಕಾಶ್ ರೈ, ಮತ್ತು ಡೆನ್ನಾನ ಡೆನ್ನಾನ ಎಂಬ ಆ ಹಾಡು. ದಶಕಗಳ ನಂತರ 2015ರ ‘ರಂಗಿತರಂಗ’ ಅದೇ ಸೊಲ್ಲನ್ನು ಎತ್ತಿಕೊಂಡಾಗ ಥಿಯೇಟರಿನಲ್ಲಿ ನಡುವಯಸ್ಸಿನವರು ಮೈ ಝುಮ್ಮೆಂದು ಕೂತರು, ಮಕ್ಕಳಿಗೆ ಯಾಕೆಂದು ತಿಳಿಯಲಿಲ್ಲ. ‘ಗುಡ್ಡದ ಭೂತ’ದ ತಾಂತ್ರಿಕತೆ ಇವತ್ತು ಬಡಕಲು. ಭಯವೂ ಹಾಗೇ ಉಳಿದಿಲ್ಲ, ಗುಟ್ಟು ತಿಳಿದಿದೆಯಲ್ಲ. ಆದರೆ ಭಯಪಡುವ ಊರು ಉಳಿದಿದೆ. ಒಂದು ವದಂತಿ ಹೇಗೆ ಬಾಯಿಂದ ಬಾಯಿಗೆ ದಾಟಿ ನಂಬಿಕೆಯಾಗುತ್ತದೆ, ಆ ನಂಬಿಕೆಯಿಂದ ಯಾರಿಗೆ ಏನು ಲಾಭ ಎನ್ನುವುದನ್ನು ಈಗ ಸಾವಕಾಶವಾಗಿ ನೋಡಬಹುದು.

1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬಂತು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ಎಚ್.ಎಸ್. ವೆಂಕಟೇಶಮೂರ್ತಿಯವರ ಶೀರ್ಷಿಕೆ ಗೀತೆ, ಸಿ. ಅಶ್ವತ್ಥ್ ಸಂಗೀತ. ಸೀತಾರಾಂ ವಕೀಲಿಕೆ ಓದಿದವರು, ‘ಆಸ್ಫೋಟ’ದಂಥ ನಾಟಕ ಬರೆದವರು, ಲಂಕೇಶರ ‘ಪಲ್ಲವಿ’ಯಲ್ಲಿ ನಟಿಸಿದವರು. ಮಧ್ಯಮವರ್ಗದ ಮನೆಯ ಸಾಲ, ನೌಕರಿ, ಮದುವೆ, ಮರ್ಯಾದೆ ಇವುಗಳನ್ನು ಅವರು ಕಂಡುಹಿಡಿಯಲಿಲ್ಲ. ಆದರೆ ಆ ಮನೆಯವರಿಗೆ ಯೋಚನೆ ಮಾಡುವ ಹಕ್ಕು ಕೊಟ್ಟರು. ಹೆಣ್ಣುಮಕ್ಕಳು ಅಳುವುದಕ್ಕಿಂತ ಹೆಚ್ಚು ಹೊತ್ತು ಮಾತಾಡಿದರು, ಒಪ್ಪಲಿಲ್ಲ ಎಂದರು, ಎದ್ದು ಹೊರಟರು. ದತ್ತಣ್ಣನಂಥ ರಂಗಭೂಮಿಯ ನಟರು ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ಕ್ರಮವೇ ಬೇರೆ. ಟೀವಿಯಲ್ಲಿ ಹೆಚ್ಚಿನ ನಟರು ತಮ್ಮ ಸರದಿಗಾಗಿ ಕಾಯುತ್ತಾರೆ, ಇವರು ಕೇಳುತ್ತಾರೆ. ಮುಖದ ಮೇಲೆ ಆ ಮಾತು ಇಳಿಯುವುದು ಕಾಣುತ್ತದೆ. ಎರಡನೇ ಸಲ ‘ಮಾಯಾಮೃಗ’ ನೋಡುವಾಗ ನನ್ನ ಕಣ್ಣು ಮಾತಾಡುವವರ ಮೇಲಿರುವುದಿಲ್ಲ, ಕೇಳುತ್ತಿರುವವರ ಮೇಲಿರುತ್ತದೆ.

ಈಟಿವಿ ಕನ್ನಡದಲ್ಲಿ ಬಂದ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ಗಳ ಹೊತ್ತಿಗೆ ಸೀತಾರಾಂ ತಾವೇ ಒಂದು ಸಂಸ್ಥೆಯಾಗಿದ್ದರು. ಅವರೇ ಪಾತ್ರವಹಿಸಿದ ವಕೀಲ ಸಿ.ಎಸ್.ಪಿ. ಕೋರ್ಟಿನಲ್ಲಿ ಎದ್ದು ನಿಂತರೆ ಮನೆಯಲ್ಲಿ ಕುಕ್ಕರ್ ಕೂಗಿದರೂ ಯಾರೂ ಏಳುತ್ತಿರಲಿಲ್ಲ. ಈ ಕೋರ್ಟು ದೃಶ್ಯಗಳನ್ನು ಜನ ಇವತ್ತಿಗೂ ತುಂಡುತುಂಡಾಗಿ ಹುಡುಕಿ ನೋಡುತ್ತಾರೆ. ತೀರ್ಪು ಏನೆಂದು ಗೊತ್ತಿದೆ, ಸಾಕ್ಷಿ ಎಲ್ಲಿ ಎಡವುತ್ತಾನೆ ಎಂದು ಗೊತ್ತಿದೆ, ಆದರೂ ನೋಡುತ್ತಾರೆ. ಇದು ತಾಳಮದ್ದಳೆಯ ಪ್ರೇಕ್ಷಕ ತೋರುವ ಆಸಕ್ತಿಯೇ. ಅರ್ಥಧಾರಿಗಳಂತೆ ಎರಡೂ ಕಡೆಯವರಿಗೆ ವಾದವಿದೆ, ಎದುರಾಳಿ ಮೂರ್ಖನಲ್ಲ. ದನಿ ಏರಿಸದೆ, ಕನ್ನಡಕ ಸರಿಪಡಿಸಿಕೊಂಡು, ಒಂದು ಸಣ್ಣ ಪ್ರಶ್ನೆಯಿಂದ ಸಾಕ್ಷಿಯನ್ನು ಮೂಲೆಗೆ ತಳ್ಳುವ ಕ್ರಮ ರಂಗದ ಮೇಲೆ ಬೆಳೆದದ್ದು. ಸುತ್ತಲೂ ಅತ್ತೆ ಸೊಸೆಯರು ವಿಷ ಬೆರೆಸುತ್ತಿದ್ದ ಕಾಲದಲ್ಲಿ ಕನ್ನಡದ ಲಕ್ಷಾಂತರ ಮನೆಗಳು ವಾದ ಕೇಳಲು ಕೂತವು ಎನ್ನುವುದು ಸಣ್ಣ ಸಂಗತಿಯಲ್ಲ. ಆಮೇಲೆ ಎಸ್.ಎನ್. ಸೇತುರಾಂ ‘ಮಂಥನ’ದಲ್ಲಿ ಇದೇ ದಾರಿಯನ್ನು ಇನ್ನೂ ಖಾರವಾಗಿ ಹಿಡಿದರು. ಅವರ ಪಾತ್ರಗಳು ಮಾತಾಡುವುದಿಲ್ಲ, ಕುಟುಕುತ್ತವೆ.

ಹಾಗೆಂದು ‘ಮುಕ್ತ’ವನ್ನು ಮೊದಲಿನಿಂದ ಕೊನೆಯವರೆಗೆ ಎರಡನೇ ಸಲ ನೋಡಿ ಎಂದು ಯಾರಿಗೂ ಹೇಳಲಾರೆ. ದಿನಕ್ಕೊಂದು ಕಂತಿನ ಗಾಣಕ್ಕೆ ಬಿದ್ದ ಮೇಲೆ ಸೀತಾರಾಂ ಅವರೂ ಎಳೆಯಬೇಕಾಯಿತು. ಎಳೆದದ್ದು ಮೊದಲ ಸಲ ಅಷ್ಟಾಗಿ ಕಾಣುವುದಿಲ್ಲ, ಎರಡನೇ ಸಲ ಎದ್ದು ಕಾಣುತ್ತದೆ. ಸಿಗಬೇಕಾದ ದಾಖಲೆ ಸಿಗದೆ ವಾರಗಟ್ಟಲೆ ಕಳೆಯುತ್ತದೆ. ಒಳ್ಳೆಯವರೆಲ್ಲ ಒಂದೇ ಕನ್ನಡ ಮಾತಾಡುತ್ತಾರೆ, ಅದು ಸೀತಾರಾಂ ಅವರ ಕನ್ನಡ. ಅಡುಗೆಯವಳಾಗಲಿ ಮಂತ್ರಿಯಾಗಲಿ ಒಂದು ಹಂತದಲ್ಲಿ ಲೋಹಿಯಾ ಓದಿದವರಂತೆ ಕೇಳಿಸತೊಡಗುತ್ತಾರೆ. ಭಾಷೆಯ ಈ ಏಕತಾನತೆಗೆ ಎದುರು ನಿಲ್ಲುವುದು ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’. ಉತ್ತರ ಕರ್ನಾಟಕದ ಒಂದು ಕೂಡುಕುಟುಂಬದ ಕಥೆಯನ್ನು ಆ ಸೀಮೆಯ ಮಾತಿನಲ್ಲೇ ಹೇಳಿದ ಧಾರಾವಾಹಿ. ಅಲ್ಲಿಯವರೆಗೆ ಆ ಕನ್ನಡ ನಮ್ಮ ಪರದೆಯ ಮೇಲೆ ಬಂದರೆ ನಗಿಸಲಿಕ್ಕೇ ಬರುತ್ತಿತ್ತು. ಇಲ್ಲಿ ಅದು ಸಿಟ್ಟಾಯಿತು, ಸಂಕಟವಾಯಿತು, ಮನೆಯ ಯಜಮಾನನ ಗತ್ತೂ ಆಯಿತು. ಸ್ವಾಮಿಯ ಅಮ್ಮನಾಗಿದ್ದ ವೈಶಾಲಿ ಕ್ಯಾಮೆರಾದ ಹಿಂದೆ ನಿಂತಾಗ ಸೀರೆಯ ಸೆರಗಿನಿಂದ ಹಿಡಿದು ರೊಟ್ಟಿ ಬಡಿಯುವ ಸದ್ದಿನವರೆಗೆ ಯಾವುದನ್ನೂ ಸಡಿಲ ಬಿಡಲಿಲ್ಲ. ‘ತಾಯಿ ಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಕಣ್ಣು ಅದು. ಅವರು 2010ರಲ್ಲಿ ತೀರಿಕೊಂಡರು. ಅವರ ಕೆಲಸದ ಬಗ್ಗೆ ಇರಬೇಕಾದಷ್ಟು ಬರಹ ಕನ್ನಡದಲ್ಲಿ ಇಲ್ಲ.

ಗಿರೀಶ ಕಾಸರವಳ್ಳಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿ ಮಾಡಿದರು. ನಾಯಕಿ ನಂಜಮ್ಮನ ಪಾತ್ರದಲ್ಲಿ ಮಾಳವಿಕಾ. ಕಾದಂಬರಿ ಓದಿದವರಿಗೆ ಈ ಕಥೆಯಲ್ಲಿ ಮುಂದೇನು ಎಂಬ ಪ್ರಶ್ನೆಯೇ ಏಳದು. ಪ್ಲೇಗು ಬರುತ್ತದೆ, ಮಕ್ಕಳನ್ನು ಒಯ್ಯುತ್ತದೆ, ನಂಜಮ್ಮನನ್ನೂ ಒಯ್ಯುತ್ತದೆ. ಹೀಗೆ ಎಲ್ಲ ಗೊತ್ತಿದ್ದು ನೋಡುವಾಗ ಕಣ್ಣಿಗೆ ಬೀಳುವುದು ಅವಳು ಗಂಡನ ಶಾನುಭೋಗಿಕೆಯ ಲೆಕ್ಕ ಬರೆಯುವ ಕೈ, ಮುತ್ತುಗದ ಎಲೆ ಹಚ್ಚುವ ಕೈ. ಗಂಡ ಚೆನ್ನಿಗರಾಯನದು ಉಣ್ಣುವ ಕೈ. ಕಾದಂಬರಿಯ ವಾಕ್ಯಗಳಲ್ಲಿ ಭೈರಪ್ಪನವರ ಬಿರುಸಿದೆ. ಕಾಸರವಳ್ಳಿ ಆ ಬಿರುಸನ್ನು ಇಳಿಸಿ ಕೆಲಸವನ್ನು ಮುಂದೆ ತಂದರು. ಅತ್ತೆ ಗಂಗಮ್ಮನ ಬೈಗುಳಕ್ಕೆ ಅಭಿಮಾನಿಗಳಾಗಿದ್ದ ಕೆಲವು ಓದುಗರಿಗೆ ಇದು ಸಪ್ಪೆಯಾಯಿತು. ನನಗೆ ಕನ್ನಡದಲ್ಲಿ ಎರಡನೇ ನೋಟಕ್ಕೆ ಮೊದಲು ಎತ್ತಿಕೊಳ್ಳಬೇಕಾದ ಧಾರಾವಾಹಿ ಇದು, ಸೀತಾರಾಂ ಅವರವಕ್ಕಿಂತ ಮೊದಲು.

ಹಾಸ್ಯದ್ದು ಬೇರೆ ಖಾತೆ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳನ್ನು ಸಾಹಿತ್ಯದವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆಯವರು ಊಟದ ಹೊತ್ತಿಗೆ ಇವತ್ತಿಗೂ ಹಾಕಿಕೊಳ್ಳುತ್ತಾರೆ. ಒಂದು ಕಂತು ಅಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಸುಖ ಅವಕ್ಕಿತ್ತು. ಪಾಂಡುವಿನ ಮೇಲೆ ಹೆಂಡತಿ ಶ್ರೀಮತಿ ಏನು ಎಸೆಯುತ್ತಾಳೆ ಎನ್ನುವುದು ಗೊತ್ತಿದ್ದೇ ಜನ ಕಾಯುತ್ತಿದ್ದರು.

ಈಗಿನ ದಿನವಹಿ ಧಾರಾವಾಹಿಗಳನ್ನು ಬೈಯುವುದು ಸುಲಭ. ಬರೆಯುವವರು ನಾಳಿನ ಚಿತ್ರೀಕರಣಕ್ಕೆ ಇವತ್ತು ರಾತ್ರಿ ದೃಶ್ಯ ಕಳಿಸಬೇಕು, ಗುರುವಾರದ ಟಿಆರ್‌ಪಿ ನೋಡಿ ಸತ್ತವರನ್ನು ಎಬ್ಬಿಸಬೇಕು. ಸಾವಿರ ಕಂತು ಓಡಬಹುದು, ಮುಂದಿನ ತಿಂಗಳೇ ನಿಲ್ಲಬಹುದು. ಕೊನೆ ಗೊತ್ತಿಲ್ಲದ ಕೆಲಸ ಅದು. ಸೀತಾರಾಂ ಅವರ ‘ಮಗಳು ಜಾನಕಿ’ಯೇ 2020ರ ಲಾಕ್‌ಡೌನಿನಲ್ಲಿ ಅರ್ಧಕ್ಕೆ ನಿಂತಿತು. ಅಂಥ ಸ್ಥಿತಿಯಲ್ಲೂ ಒಳ್ಳೆಯ ದೃಶ್ಯ ಬರೆಯುವವರಿದ್ದಾರೆ. ಆದರೆ ಎರಡನೇ ಸಲ ನೋಡುವ ಪ್ರಶ್ನೆಯನ್ನು ಅವರು ಮೊದಲೇ ಬಗೆಹರಿಸಿಬಿಟ್ಟಿದ್ದಾರೆ: ಕೆನ್ನೆಗೆ ಬಿದ್ದ ಒಂದು ಏಟನ್ನು ಮೂರು ಕಡೆಯಿಂದ ಮೂರು ಸಲ, ಎದುರಿದ್ದ ಎಂಟು ಮುಖಗಳೊಂದಿಗೆ, ಅದೇ ಕಂತಿನಲ್ಲಿ ತೋರಿಸಿರುತ್ತಾರೆ.

ಕೊನೆಗೆ ಒಂದು ವ್ಯಾವಹಾರಿಕ ತೊಡಕು. ಎರಡನೇ ಸಲ ನೋಡಬೇಕೆಂದರೆ ಸಿಗಬೇಕಲ್ಲ. ‘ಗೃಹಭಂಗ’ ಕಾದಂಬರಿ ಯಾವ ಊರಿನ ಗ್ರಂಥಾಲಯದಲ್ಲಾದರೂ ಸಿಗುತ್ತದೆ. ಕನ್ನಡ ಧಾರಾವಾಹಿಗಳಿಗೆ ಅಂಥ ಕಪಾಟು ಇಲ್ಲ. ಸೀತಾರಾಂ ಅವರ ಕೆಲವು ಧಾರಾವಾಹಿಗಳು ಯೂಟ್ಯೂಬಿಗೆ ಬಂದಿವೆ, ಶಂಕರನಾಗ್ ಅವರದು ಸುಲಭವಾಗಿ ಸಿಗುತ್ತದೆ. ಮಿಕ್ಕವು ಅಭಿಮಾನಿಗಳು ಹಾಕಿದ ಚೂರುಗಳಲ್ಲಿ, ಮಸುಕು ಚಿತ್ರ, ಒಡೆದ ದನಿಯಲ್ಲಿ. ಬೇಗ ಕಥೆಗೆ ಬರಲೆಂದು ಅಲ್ಲಿ ಸಾಮಾನ್ಯವಾಗಿ ಮೊದಲು ಕತ್ತರಿಸಿರುವುದು ಶೀರ್ಷಿಕೆ. ಅದರ ಜೊತೆಗೆ ಸಂಭಾಷಣೆ ಬರೆದವರ, ಸಂಕಲನ ಮಾಡಿದವರ ಹೆಸರುಗಳೂ ಹೋಗಿರುತ್ತವೆ. ಈ ಧಾರಾವಾಹಿಗಳ ಬಗ್ಗೆ ವಿಮರ್ಶೆ ಬರೆಯಹೊರಟವರು ಮೊದಲು ಆ ಹೆಸರುಗಳನ್ನು ಆಗ ಕೆಲಸ ಮಾಡಿದವರನ್ನೇ ಹುಡುಕಿ ಕೇಳಿ ಬರೆದುಕೊಳ್ಳಬೇಕು, ಅವರು ಇನ್ನೂ ನಮ್ಮ ನಡುವೆ ಇರುವಾಗಲೇ.